ಮಾಂದ್ಯ ಬಂದರೆ ಮಗಳ ಟೆನಿಸ್ ಟೀಮು ಉಳಿದೀತೇ?

ಪ್ರಶ್ನೆ: ನಾವು ಶಿವಮೊಗ್ಗದವರು, ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿದ್ದೇವೆ. ಮಗಳು ಹನ್ನೊಂದನೇ ಕ್ಲಾಸು, ಎಂಟು ವರ್ಷದಿಂದ ಟೆನಿಸ್ ಆಡುತ್ತಿದ್ದಾಳೆ. ಪಕ್ಕದ ರಾಜ್ಯದ ಒಂದು ಸರ್ಕಾರಿ ಯೂನಿವರ್ಸಿಟಿಯ (ಡಿವಿಷನ್ 1, ಅಂದರೆ ಕಾಲೇಜು ಕ್ರೀಡೆಯ ಮೇಲಿನ ಮಟ್ಟ) ಕೋಚ್ 60 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಡುತ್ತೇವೆಂದು ಫೋನಿನಲ್ಲಿ ಹೇಳಿದ್ದಾರೆ. ಇನ್ನೊಂದು ಡಿವಿಷನ್ 3ರ ಸಣ್ಣ ಖಾಸಗಿ ಕಾಲೇಜು. ಅಲ್ಲಿ ಆಟಕ್ಕೆ ಹಣ ಕೊಡುವುದಿಲ್ಲ, ಮಾರ್ಕ್ಸ್ ನೋಡಿ ಫೀ ಇಳಿಸುತ್ತಾರಂತೆ. ನಮ್ಮ ಯಜಮಾನರ ಕಂಪನಿಯಲ್ಲಿ ಎರಡು ಸುತ್ತು ಲೇಆಫ್ ಆಗಿದೆ. ಎಲ್ಲಿ ಹೋದರೂ ರಿಸೆಷನ್ ಮಾತು. "ಮಾಂದ್ಯ ಬಂದರೆ ಮೊದಲ ಕತ್ತರಿ ಟೆನಿಸ್‌ಗೇ" ಎನ್ನುತ್ತಾರೆ ಸ್ನೇಹಿತರು. "ಆ ಯೂನಿವರ್ಸಿಟಿ ದೊಡ್ಡ ಕಾನ್ಫರೆನ್ಸಿಗೆ (ಒಟ್ಟಿಗೆ ಆಡುವ ವಿಶ್ವವಿದ್ಯಾಲಯಗಳ ಕೂಟ) ಸೇರುತ್ತಿದೆಯಂತೆ, ಇನ್ನೇನು ಭಯ" ಎನ್ನುತ್ತಾರೆ ಯಜಮಾನರು. ಯಾರ ಮಾತು ಸರಿ? ಮೈಸೂರಿನಲ್ಲಿರುವ ನನ್ನ ತಮ್ಮನ ಮಗನೂ ಈಜುಗಾರ, ಅವನಿಗೂ ಇಲ್ಲಿಗೆ ಬರುವಾಸೆ. ಅವನಿಗೇನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಒಂದಲ್ಲ, ಎರಡು ಭಯ. ತಂಡ ಮುಚ್ಚಿಹೋದೀತು ಎಂಬುದು ಮೊದಲನೆಯದು. ಮನೆಯ ಸಂಬಳ ನಿಂತ ವರ್ಷವೇ ತಂಡವೂ ಮುಚ್ಚಿದರೆ ಎಂಬುದು ಎರಡನೆಯದು. ನೀವು ಕೇಳಿದ್ದು ಮೊದಲನೆಯದನ್ನು, ನಿದ್ದೆಗೆಡಿಸುತ್ತಿರುವುದು ಎರಡನೆಯದು ಇರಬೇಕು. ಎರಡಕ್ಕೂ ಬೇರು ಒಂದೇ ಆಗಿರುವುದರಿಂದ ಅದು ಸುಮ್ಮನೆ ತಳ್ಳಿಹಾಕುವ ಭಯವಲ್ಲ.

ನಾನು ಇಲ್ಲಿನ ಎರಡು ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗದಲ್ಲಿ ಲೆಕ್ಕಪತ್ರ ನೋಡಿಕೊಂಡವನು. 2009ರಲ್ಲೂ 2020ರಲ್ಲೂ ಕತ್ತರಿ ಆಡಿಸಿದ ಕೋಣೆಯಲ್ಲಿ ಕೂತಿದ್ದೆ. ಮೊದಲ ಸಲ ಮುಚ್ಚಿದ ತಂಡಗಳಲ್ಲಿ ಗಂಡುಮಕ್ಕಳ ಟೆನಿಸ್ ಒಂದು. ಘೋಷಣೆಯಾದ ಮರುದಿನ ಬೆಳಿಗ್ಗೆ ಅವರ ಕೋಚ್ ವ್ಯಾನಿನ ಕೀಲಿಕೈ ಒಪ್ಪಿಸಲು ನನ್ನ ಮೇಜಿಗೆ ಬಂದರು. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಇನ್ನೂ ಸೀಲು ಒಡೆಯದ ಬಾಲ್ ಡಬ್ಬಿಗಳು. "ಇವನ್ನು ಯಾವ ಖಾತೆಗೆ ಜಮಾ ಮಾಡುತ್ತೀರಿ?" ಎಂದು ಕೇಳಿದರು. ಸ್ಪ್ರೆಡ್‌ಶೀಟಿನಲ್ಲಿ ಆ ಸಾಲನ್ನು ಹಿಂದಿನ ವಾರವೇ ಅಳಿಸಿದ್ದೆವು, ಜಮಾ ಮಾಡಲು ಖಾತೆಯೇ ಇರಲಿಲ್ಲ. ಪೆಟ್ಟಿಗೆಯನ್ನು ಹೆಣ್ಣುಮಕ್ಕಳ ತಂಡಕ್ಕೆ ಕಳಿಸಿದೆ.

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಮಾಂದ್ಯ ಬಂದೊಡನೆ ಯಾರೂ ತಂಡ ಮುಚ್ಚುವುದಿಲ್ಲ. ಖಾಲಿಯಾದ ಹುದ್ದೆ ತುಂಬುವುದನ್ನು ಮೊದಲು ನಿಲ್ಲಿಸುತ್ತಾರೆ. ವಿಮಾನದ ಜಾಗಕ್ಕೆ ಬಸ್ಸು ಬರುತ್ತದೆ, ಹೋಟೆಲಿನಲ್ಲಿ ಒಂದು ರಾತ್ರಿ ಕಡಿಮೆಯಾಗುತ್ತದೆ, ದೂರದ ಟೂರ್ನಿಗಳು ಪಟ್ಟಿಯಿಂದ ಬೀಳುತ್ತವೆ. ಆಮೇಲೆ ಇಡೀ ಕಾನ್ಫರೆನ್ಸೇ ಕೈ ಬಿಗಿ ಮಾಡುತ್ತದೆ. 2020ರ ಮೇ ತಿಂಗಳಲ್ಲಿ ಓಹಾಯೊ, ಮಿಷಿಗನ್ ಕಡೆಯ ಮಿಡ್-ಅಮೆರಿಕನ್ ಕಾನ್ಫರೆನ್ಸು ಎಂಟು ಆಟಗಳ ಸೀಸನ್ ಕೊನೆಯ ಟೂರ್ನಿಯನ್ನೇ ರದ್ದು ಮಾಡಿತು. ಅದರಲ್ಲಿ ಗಂಡು, ಹೆಣ್ಣು ಟೆನಿಸ್ ಎರಡೂ ಇದ್ದವು. ತಂಡಕ್ಕೆ ಕತ್ತರಿ ಬೀಳುವುದು ಇಷ್ಟೆಲ್ಲ ಆದ ಮೇಲೆ. ಆದರೆ ಬಿದ್ದಾಗ ಒಂದೇ ಬೆಳಗ್ಗೆ, ಹದಿನೈದು ನಿಮಿಷದ ವಿಡಿಯೊ ಕಾಲ್‌ನಲ್ಲಿ ಮುಗಿದುಹೋಗುತ್ತದೆ.

ಸಣ್ಣ ಆಟ ಮುಚ್ಚುವುದರಿಂದ ಕಾಗದದಲ್ಲಿ ಕಾಣುವಷ್ಟು ಹಣ ಉಳಿಯುವುದೂ ಇಲ್ಲ. ಅರ್ಥವಾಗಲೆಂದು ದುಂಡು ಅಂಕಿ ಇಟ್ಟುಕೊಳ್ಳಿ. ಒಂದು ತಂಡದ ವಾರ್ಷಿಕ ಬಜೆಟ್ 6 ಲಕ್ಷ ಡಾಲರ್, ಅದರಲ್ಲಿ ಸ್ಕಾಲರ್‌ಶಿಪ್ಪೇ ಮೂರೂವರೆ ಲಕ್ಷ. ಆ ಮೂರೂವರೆ ಲಕ್ಷ ಹೋಗುವುದೆಲ್ಲಿಗೆ? ಕ್ರೀಡಾ ವಿಭಾಗ ಅದನ್ನು ಫೀ ಎಂದು ತನ್ನದೇ ವಿಶ್ವವಿದ್ಯಾಲಯದ ಬೊಕ್ಕಸಕ್ಕೆ ಕಟ್ಟುತ್ತದೆ. ಎಡಗೈ ಬಲಗೈಗೆ ಕೊಟ್ಟ ಹಾಗೆ. ನಿಜವಾಗಿ ಹೊರಹೋಗುವ ನಗದು ಎಂದರೆ ಕೋಚ್ ಸಂಬಳ, ಪ್ರಯಾಣ, ಸಾಮಾನು, ಎಲ್ಲ ಸೇರಿ ಎರಡೂವರೆ ಲಕ್ಷ. ಅದೇ ಹೊತ್ತಿಗೆ, ನಿಮ್ಮ ಮಗಳಂತೆ 40 ಪರ್ಸೆಂಟ್ ಫೀ ಕೈಯಿಂದ ಕಟ್ಟುವ ಮಕ್ಕಳು ಬೇರೆ ಕಡೆ ಹೋಗಿಬಿಟ್ಟರೆ ಆ ಆದಾಯವೂ ಹೋಯಿತು. ಈ ಲೆಕ್ಕವನ್ನು ಸಭೆಯಲ್ಲಿ ಎರಡು ಸಲ ಮಂಡಿಸಿದ್ದೇನೆ. ಎರಡು ಸಲವೂ ತಲೆಯಾಡಿಸಿದರು, ಆಮೇಲೆ ಮುಚ್ಚಿದರು. ಕೊರತೆ ಎಂದ ಮೇಲೆ ಏನೋ ಮಾಡಿದ್ದೇವೆಂದು ಆಡಳಿತ ಮಂಡಳಿಗೆ ತೋರಿಸಬೇಕಲ್ಲ. ಅದೇ ವಿಭಾಗದಲ್ಲಿ ಫುಟ್‌ಬಾಲ್ (ಇಲ್ಲಿನ ಅಮೆರಿಕನ್ ಫುಟ್‌ಬಾಲ್) ಕೋಚ್‌ನ ಸಂಬಳ ಮೂಗಿಗಿಂತ ಮೂಗುತಿ ಭಾರ ಎನ್ನುವಂತಿದ್ದರೂ ಆ ಸಾಲಿನ ಮೇಲೆ ಯಾರ ಬೆರಳೂ ಇಳಿಯಲಿಲ್ಲ.

ದುಡ್ಡು ಬರುವ ದಾರಿ ಗೊತ್ತಾದರೆ ಏಟು ಎಲ್ಲಿ ಬೀಳುತ್ತದೆ ಎಂದೂ ಗೊತ್ತಾಗುತ್ತದೆ. ಕೋವಿಡ್‌ಗೆ ಮುಂಚಿನ ಒಳ್ಳೆಯ ಕಾಲದಲ್ಲೂ, ತಾನು ದುಡಿದದ್ದರಲ್ಲೇ ಖರ್ಚು ತೂಗಿಸಿಕೊಂಡ ಕ್ರೀಡಾ ವಿಭಾಗಗಳು ಇಡೀ ದೇಶದಲ್ಲಿ ಇಪ್ಪತ್ತೈದರ ಆಸುಪಾಸು. ಉಳಿದವಕ್ಕೆಲ್ಲ ವಿಶ್ವವಿದ್ಯಾಲಯದ ಹಣ, ವಿದ್ಯಾರ್ಥಿಗಳ ಫೀ ಮತ್ತು ದಾನಿಗಳೇ ಆಧಾರ. 2008ರಲ್ಲಿ ಏಟು ಬಿದ್ದದ್ದು ದತ್ತಿ ನಿಧಿಗಳಿಗೆ ಮತ್ತು ರಾಜ್ಯ ಸರ್ಕಾರಗಳ ಅನುದಾನಕ್ಕೆ. ಹಾರ್ವರ್ಡ್‌ನ ದತ್ತಿ ನಿಧಿಯೇ ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕರಗಿತು. 2020ರ ಏಟು ಬೇರೆ ಬಗೆಯದು. ಬಾಸ್ಕೆಟ್‌ಬಾಲಿನ ರಾಷ್ಟ್ರೀಯ ಟೂರ್ನಿ ನಡೆಯದೆ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ರಾಷ್ಟ್ರೀಯ ಸಂಸ್ಥೆ) ತನ್ನ ಸದಸ್ಯರಿಗೆ ಹಂಚಬೇಕಿದ್ದ 60 ಕೋಟಿ ಡಾಲರ್ 22.5 ಕೋಟಿಗೆ ಇಳಿಯಿತು. ಹಾಗಾಗಿ ನಿಮ್ಮ ಮಗಳಿಗೆ ಮಾತು ಕೊಟ್ಟ ಯೂನಿವರ್ಸಿಟಿ ಯಾವ ಕೊಳವೆಯಿಂದ ನೀರು ಕುಡಿಯುತ್ತಿದೆ ಎಂದು ಮೊದಲು ನೋಡಬೇಕು.

ದೊಡ್ಡ ಹೆಸರಿನ ಯೂನಿವರ್ಸಿಟಿ ಎಂದರೆ ಭದ್ರ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ತನ್ನ 36 ಆಟಗಳಲ್ಲಿ 11ನ್ನು ಕೈಬಿಡುವುದಾಗಿ ಹೇಳಿತು. ಆಟಗಾರರು ಕೋರ್ಟಿಗೂ ಹಳೆಯ ಆಟಗಾರರು ಪತ್ರಿಕೆಗಳಿಗೂ ಹೋದ ಮೇಲೆ ಮುಂದಿನ ಮೇ ತಿಂಗಳಲ್ಲಿ ನಿರ್ಧಾರ ವಾಪಸಾಯಿತು. ಅದೇ ವರ್ಷ ಅಯೋವಾ, ಮಿನೆಸೋಟ ಎರಡೂ ಗಂಡುಮಕ್ಕಳ ಟೆನಿಸ್ ನಿಲ್ಲಿಸಿದವು. ಎರಡೂ ಟಿವಿ ಹಣದಲ್ಲಿ ತೇಲುವ ಬಿಗ್ ಟೆನ್ ಕಾನ್ಫರೆನ್ಸಿನವು. ಇಲ್ಲಿ ಒಂದು ನಿಯಮ ನೆನಪಿಡಿ. ಡಿವಿಷನ್ 1ರಲ್ಲಿರಬೇಕಾದರೆ ಕನಿಷ್ಠ 14 ಆಟ, ದೊಡ್ಡ ಫುಟ್‌ಬಾಲ್ ಮಟ್ಟದಲ್ಲಿದ್ದರೆ 16 ಆಟ ನಡೆಸಲೇಬೇಕು. 2020ರಲ್ಲಿ ಐದು ಕಾನ್ಫರೆನ್ಸುಗಳು ಈ ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸಿ ಎಂದು ಕೇಳಿಕೊಂಡವು, ಸಾರಾಸಗಟು ವಿನಾಯಿತಿ ಸಿಗಲಿಲ್ಲ. 36 ಆಟ ಇರುವಲ್ಲಿ ಕತ್ತರಿ ಆಡಿಸಲು ಜಾಗ ಬೇಕಾದಷ್ಟಿದೆ. ಸರಿಯಾಗಿ 16 ಇರುವಲ್ಲಿ ಒಂದನ್ನು ತೆಗೆದರೆ ಇನ್ನೊಂದನ್ನು ಹುಟ್ಟುಹಾಕಬೇಕು. ಅಂಥ ಕಡೆ ಹೆಣ್ಣುಮಕ್ಕಳ ಟೆನಿಸ್ ಎಂಬ ಅಗ್ಗದ, ಸಣ್ಣ ತಂಡ ಆಡಳಿತಕ್ಕೆ ಬೇಕೇಬೇಕಾದ ಅಂಕಿ. ಈ ವಿಷಯದಲ್ಲಿ ನನ್ನ ಅನುಭವ ನಿಮ್ಮ ಸ್ನೇಹಿತರ ಮಾತಿಗೆ ಪೂರಾ ಉಲ್ಟಾ.

ಮಗಳು ಎಂಬುದೂ ಲೆಕ್ಕಕ್ಕೆ ಬರುತ್ತದೆ. 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೆ ಆಟದ ಅವಕಾಶ ನ್ಯಾಯವಾಗಿ ಸಿಗಬೇಕು. ಅಯೋವಾ 2020ರಲ್ಲಿ ಈಜಿನ ಎರಡೂ ತಂಡ ಮುಚ್ಚಿತು, ದಾವೆ ಬಿದ್ದ ಮೇಲೆ ಮರಳಿ ಬಂದದ್ದು ಹೆಣ್ಣುಮಕ್ಕಳದು ಮಾತ್ರ. ನಿಮ್ಮದೇ ರಾಜ್ಯದ ಈಸ್ಟ್ ಕೆರೊಲೈನಾ ಅದೇ ವರ್ಷ ಈಜು, ಟೆನಿಸ್ ಎರಡರಲ್ಲೂ ಗಂಡು-ಹೆಣ್ಣು ನಾಲ್ಕೂ ತಂಡ ನಿಲ್ಲಿಸಿತು. ಅಲ್ಲಿಯೂ ಎಂಟು ತಿಂಗಳ ಬಳಿಕ ಮರಳಿದವು ಹೆಣ್ಣುಮಕ್ಕಳ ಎರಡು ತಂಡಗಳೇ. ಆದರೆ ಆ ಎಂಟು ತಿಂಗಳಲ್ಲಿ ಕೋಚ್ ಹೋಗಿರುತ್ತಾರೆ, ಅರ್ಧ ತಂಡ ಬೇರೆ ಊರು ಸೇರಿರುತ್ತದೆ. ಕಾನೂನು ತಂಡವನ್ನು ಉಳಿಸಿಕೊಟ್ಟರೂ ನಿಮ್ಮ ಮಗಳ ಎರಡನೇ ವರ್ಷವನ್ನು ಉಳಿಸಿಕೊಡುವುದಿಲ್ಲ. ಯಾರೋ ಪುಣ್ಯಾತ್ಮರು ದುಡ್ಡು ಕೊಟ್ಟು ಉಳಿಸುತ್ತಾರೆ ಎಂದು ಕೂರುವುದೂ ಅಷ್ಟೇ. ಬರ್ಕ್ಲಿ 2010ರಲ್ಲಿ ಕೈಬಿಟ್ಟ ಬೇಸ್‌ಬಾಲ್ ತಂಡ ದಾನಿಗಳಿಂದ ಉಳಿದು, 2011ರಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಆ ಕಥೆ ಎಲ್ಲರಿಗೂ ಗೊತ್ತು. ಅರಿಜೋನ ಸ್ಟೇಟ್ 2008ರಲ್ಲಿ ಗಂಡುಮಕ್ಕಳ ಮೂರು ತಂಡ ನಿಲ್ಲಿಸಿದಾಗ ಕುಸ್ತಿ, ಈಜು ಎರಡನ್ನೂ ದಾನಿಗಳು ಉಳಿಸಿಕೊಂಡರು, ಟೆನಿಸ್ ಮರಳಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಯಿತು. ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ನಿಮ್ಮ ಯಜಮಾನರ ವಾದ, ಕಾನ್ಫರೆನ್ಸು. ಊರಲ್ಲಿ ನಾವು ಕಂಡದ್ದು ಅಂತರ ಕಾಲೇಜು ಟೂರ್ನಿ. ಪಿ.ಟಿ. ಮೇಷ್ಟ್ರು ಹುಡುಗರನ್ನು ರೈಲು ಹತ್ತಿಸುತ್ತಿದ್ದರು, ಯಾವ ಕಾಲೇಜು ಯಾವ ವಲಯದ್ದೆಂದು ಮೇಲಿನವರೇ ನಿರ್ಧರಿಸುತ್ತಿದ್ದರು. ಇಲ್ಲಿ ಕಾನ್ಫರೆನ್ಸೆಂದರೆ ವಿಶ್ವವಿದ್ಯಾಲಯಗಳೇ ಕಟ್ಟಿಕೊಂಡ ಕೂಟ. ಟಿವಿ ಒಪ್ಪಂದ ಒಟ್ಟಿಗೆ ಮಾಡಿ ಹಣ ಹಂಚಿಕೊಳ್ಳುತ್ತಾರೆ. ಬಿಟ್ಟು ಹೋಗುವವರು ದಂಡ ಕಟ್ಟಬೇಕು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಥೆಯನ್ನು ಯಜಮಾನರಿಗೆ ನಿಧಾನವಾಗಿ ಹೇಳಿ. ಅಲ್ಲಿಯವರು ಮಾಂದ್ಯಕ್ಕೆ ಮುಂಚೆ ಸಾಲ ಎತ್ತಿ ಫುಟ್‌ಬಾಲ್ ಸ್ಟೇಡಿಯಂ ವಿಸ್ತರಣೆಗೆ ಕೈಹಾಕಿದರು, ಶ್ರೀಮಂತರು ಕೂತು ನೋಡುವ ಐಷಾರಾಮಿ ಕೋಣೆಗಳ ಸಮೇತ. ಅವು ಸಿದ್ಧವಾಗುವ ಹೊತ್ತಿಗೆ ಮಾಂದ್ಯ ಬಂದಿತ್ತು, ಕೋಣೆಗಳು ಪೂರ್ತಿ ಮಾರಾಟವಾಗಲಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬಂತು. 2012ರ ಜುಲೈನಲ್ಲಿ ಏಳು ತಂಡ ಮುಚ್ಚಿದರು, ಗಂಡುಮಕ್ಕಳ ಟೆನಿಸ್ ಸೇರಿ. ಅದಾಗಿ ನಾಲ್ಕೇ ತಿಂಗಳಿಗೆ, ಆರು ದಶಕ ಇದ್ದ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಬಿಟ್ಟು ಬಿಗ್ ಟೆನ್ ಸೇರುತ್ತೇವೆಂದು ಘೋಷಿಸಿದರು. ಎಸಿಸಿ ಸುಮಾರು 5.2 ಕೋಟಿ ಡಾಲರ್ ದಂಡ ಕೇಳಿತು. ಜಗಳ ಕೋರ್ಟು ಮೆಟ್ಟಿಲೇರಿ ಸುಮಾರು 3.14 ಕೋಟಿಗೆ ಇತ್ಯರ್ಥವಾಯಿತು. ಹೊಸ ಕಾನ್ಫರೆನ್ಸಿನ ಟಿವಿ ಹಣ ಬಂತು, ಆದರೆ ಗಂಡುಮಕ್ಕಳ ಟೆನಿಸ್ ಮರಳಿ ಬರಲಿಲ್ಲ. ಕಾನ್ಫರೆನ್ಸು ಬದಲಾವಣೆ ಎಂದು ಪೇಪರಿನಲ್ಲಿ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಹಳೆಯ ಸಾಲ ಎಷ್ಟಿದೆ ಎಂದು. ಬಹಳ ಸಲ ಹೊಸ ಹಣ ಕಾಲಿಡುವ ಮುಂಚೆಯೇ ಯಾರಿಗೋ ಬರೆದುಕೊಟ್ಟಾಗಿರುತ್ತದೆ.

ಇದೇ ಕಥೆ ಹತ್ತು ವರ್ಷದ ಬಳಿಕ ಪಶ್ಚಿಮ ಕರಾವಳಿಯಲ್ಲಿ ನಡೆಯಿತು. ಕೋವಿಡ್ ವರ್ಷ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಕೊರತೆ 6.25 ಕೋಟಿ ಡಾಲರ್. 2022ರಲ್ಲಿ ಅದೂ ಯುಎಸ್‌ಸಿಯೂ ಪ್ಯಾಕ್-12 ಕೂಟ ಬಿಟ್ಟು ಬಿಗ್ ಟೆನ್‌ಗೆ ಹೊರಟವು. 2023ರ ಬೇಸಿಗೆಯಲ್ಲಿ ಕೂಟವೇ ಕುಸಿದು ಸ್ಟ್ಯಾನ್‌ಫರ್ಡ್, ಬರ್ಕ್ಲಿ ನಿಮ್ಮ ಕಡೆಯ ಎಸಿಸಿಗೆ ಬಂದವು, ಅದೂ ಮೊದಲ ಏಳು ವರ್ಷ ಟಿವಿ ಪಾಲಿನಲ್ಲಿ ಸುಮಾರು 30 ಪರ್ಸೆಂಟ್ ಮಾತ್ರ ಪಡೆಯುವ ಷರತ್ತಿಗೆ ಒಪ್ಪಿ. ನಿಮ್ಮ ಕ್ಯಾರಿಯ ಕೋರ್ಟುಗಳಲ್ಲಿ ಎಸಿಸಿ ಟೆನಿಸ್ ಚಾಂಪಿಯನ್‌ಶಿಪ್ ಹಲವು ವರ್ಷ ನಡೆದದ್ದು ನಿಮಗೂ ಗೊತ್ತಿರಬಹುದು. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಹುಡುಗಿಯೊಬ್ಬಳು ಕಾನ್ಫರೆನ್ಸ್ ಪಂದ್ಯಕ್ಕೆಂದು ಮೂರು ಗಂಟೆ ಮುಂದಿರುವ ಊರಿಗೆ ಹಾರಿಬಂದು, ಆಡಿ, ಸೋಮವಾರದ ಕ್ಲಾಸಿಗೆ ಓಡಬೇಕು. ಟಿವಿಯವರಿಗೆ ಬೇಕಾದದ್ದು ಫುಟ್‌ಬಾಲ್, ಅದರ ಪ್ರಯಾಣದ ಬಿಲ್ಲು ಹೊರುವುದು ಟೆನಿಸ್ಸೂ ಈಜೂ. ಉಲ್ಟಾ ದಿಕ್ಕಿಗೆ ಹೋದವರೂ ಇದ್ದಾರೆ. ಕೊರತೆಯಲ್ಲಿ ಮುಳುಗಿದ್ದ ಕನೆಕ್ಟಿಕಟ್ 2020ರಲ್ಲಿ 1.7 ಕೋಟಿ ಡಾಲರ್ ದಂಡ ಕಟ್ಟಿ, ಹತ್ತಿರದ ಊರುಗಳ ಬಿಗ್ ಈಸ್ಟ್‌ಗೆ ಮರಳಿತು. ಪ್ರಯಾಣ ಕಡಿಮೆಯಾದರೂ ಅದೇ ಬೇಸಿಗೆಯಲ್ಲಿ ನಾಲ್ಕು ತಂಡ ಕೈಬಿಡುವುದಾಗಿ ಹೇಳಿತು.

ಕೂಟದಿಂದ ಹೊರಗುಳಿದವರದು ಇನ್ನೂ ಕಷ್ಟ. ಐಸ್ ಹಾಕಿಯ ಡಬ್ಲ್ಯುಸಿಎಚ್‌ಎ ಎಂಬ ಕೂಟದಿಂದ 2019ರಲ್ಲಿ ಏಳು ಕಾಲೇಜುಗಳು ಹೊರಹೋಗುವುದಾಗಿ ಹೇಳಿದವು. ಉಳಿದದ್ದು ಅಲಾಸ್ಕಾದ ಎರಡು, ಅಲಬಾಮಾದ ಹಂಟ್ಸ್‌ವಿಲ್ ಒಂದು. ಹಂಟ್ಸ್‌ವಿಲ್ ತಂಡವನ್ನು 2020ರಲ್ಲಿ ದಾನಿಗಳು ಚಂದಾ ಎತ್ತಿ ಉಳಿಸಿದರು. 2021ರಲ್ಲಿ ಸೇರಿಸಿಕೊಳ್ಳುವ ಕಾನ್ಫರೆನ್ಸೇ ಸಿಗದೆ ತಂಡ ನಿಂತಿತು. ಹಣವಿದ್ದೂ ಆಡಲು ಕೂಟವಿಲ್ಲ. ಆದ್ದರಿಂದ ಕಾನ್ಫರೆನ್ಸಿನ ಹೆಸರು ಎಷ್ಟು ದೊಡ್ಡದೆಂದು ನೋಡುವುದಕ್ಕಿಂತ, ಅದರಲ್ಲಿ ಹೆಣ್ಣುಮಕ್ಕಳ ಟೆನಿಸ್ ನಡೆಸುವ ಕಾಲೇಜು ಎಷ್ಟಿವೆ ಎಂದು ಎಣಿಸಿ. ಆರಕ್ಕಿಂತ ಕೆಳಗಿಳಿದರೆ ಗೆದ್ದ ತಂಡಕ್ಕೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶವೂ ಕೈತಪ್ಪುತ್ತದೆ.

ಈ ಸಲದ ಭಯಕ್ಕೆ ಮಾಂದ್ಯವೊಂದೇ ಕಾರಣವಲ್ಲ, ಬರಗಾಲದಲ್ಲಿ ಅಧಿಕ ಮಾಸ ಎನ್ನುವಂತೆ ಇನ್ನೆರಡು ಸೇರಿವೆ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಹೌಸ್ ಪ್ರಕರಣದ (ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆ) ಒಪ್ಪಂದದಂತೆ ಕಾಲೇಜುಗಳು ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು. ಅದರಲ್ಲಿ ಸಿಂಹಪಾಲು ಫುಟ್‌ಬಾಲ್, ಬಾಸ್ಕೆಟ್‌ಬಾಲಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ 2025ರ ಮಾರ್ಚಿನಲ್ಲಿ ಈಜು ತಂಡಗಳನ್ನು ಕೈಬಿಟ್ಟಾಗ ಮಾಂದ್ಯವೇನೂ ಬಂದಿರಲಿಲ್ಲ. ಇನ್ನೊಂದು, ಮಕ್ಕಳ ಸಂಖ್ಯೆ. ಅಮೆರಿಕದಲ್ಲಿ ಅತಿ ಹೆಚ್ಚು, ಸುಮಾರು 43 ಲಕ್ಷ ಶಿಶುಗಳು ಹುಟ್ಟಿದ್ದು 2007ರಲ್ಲಿ. ಮಾಂದ್ಯ ಬಂದು ಮದುವೆ, ಮಕ್ಕಳು ಮುಂದಕ್ಕೆ ಹೋದವು, ಆ ಸಂಖ್ಯೆ ಮತ್ತೆ ಆ ಮಟ್ಟ ಮುಟ್ಟಲೇ ಇಲ್ಲ. 2008ರ ಪೆಟ್ಟಿನ ಎರಡನೇ ಕಂತು ಹದಿನೆಂಟು ವರ್ಷದ ಮೇಲೆ, ಈಗ, ಕಾಲೇಜು ಪ್ರವೇಶದ ಕೌಂಟರಿಗೆ ಬಂದು ನಿಂತಿದೆ. ನಿಮ್ಮ ಮಗಳು ಆ ಇಳಿಜಾರಿನ ಬ್ಯಾಚಿನವಳು. ಓದಲು ಸೀಟು ಸಿಗುವುದು ಸುಲಭವಾದೀತು. ಫೀ ಮೇಲೆಯೇ ಬದುಕುವ ಕಾಲೇಜುಗಳಿಗೆ ಉಸಿರು ಕಟ್ಟುತ್ತದೆ.

ಡಿವಿಷನ್ 3ರ ಗಣಿತ ತಲೆಕೆಳಗಾಗಿರುವುದು ಇದರಿಂದಲೇ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಪ್ರತಿ ಆಟಗಾರ್ತಿಯೂ ಫೀ ಕಟ್ಟುವ ವಿದ್ಯಾರ್ಥಿನಿ. ಮಿಷಿಗನ್‌ನ ಏಡ್ರಿಯನ್ ಕಾಲೇಜು 2005ರ ನಂತರ ಒಂದರ ಮೇಲೊಂದು ಆಟ ಶುರುಮಾಡಿ ವಿದ್ಯಾರ್ಥಿಗಳ ಸಂಖ್ಯೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಂಡಿತು. ಕೆಟ್ಟ ಕಾಲದಲ್ಲಿ ಅಂಥವರು ತಂಡ ಮುಚ್ಚುವುದಿಲ್ಲ, ತೆರೆಯುತ್ತಾರೆ. ಅಲ್ಲಿನ ಅಪಾಯ ಬೇರೆ, ಕಾಲೇಜೇ ಮುಚ್ಚಬಹುದು. ಆದ್ದರಿಂದ ಆ ಖಾಸಗಿ ಕಾಲೇಜಿನ ಕೋರ್ಟು ನೋಡುವ ಮೊದಲು ಅದರ ದತ್ತಿ ನಿಧಿ ಎಷ್ಟು, ಐದು ವರ್ಷದಲ್ಲಿ ಪ್ರವೇಶ ಏರಿದೆಯೋ ಇಳಿದಿದೆಯೋ ನೋಡಿ.

ಈಗ ನಿಮ್ಮ ಮುಂದಿರುವ ದಾರಿಗಳು. 60 ಪರ್ಸೆಂಟಿನ ಮಾತು ಸದ್ಯಕ್ಕೆ ಬರೀ ಮಾತು. ಹನ್ನೆರಡನೇ ಕ್ಲಾಸಿನ ಆಗಸ್ಟ್ 1ಕ್ಕೆ ಮುಂಚೆ ಲಿಖಿತ ಆಫರ್ ಕೊಡಲು ನಿಯಮ ಬಿಡುವುದಿಲ್ಲ. ಮೊದಲಾದರೆ ಹೆಣ್ಣುಮಕ್ಕಳ ಟೆನಿಸ್‌ನಲ್ಲಿ ಎಂಟು ಪೂರ್ತಿ ಸ್ಕಾಲರ್‌ಶಿಪ್ ಇರುತ್ತಿದ್ದವು. ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ತಂಡಕ್ಕೆ ಹತ್ತು ಜನರ ಮಿತಿ, ಹಣವನ್ನು ಹೇಗೆ ಬೇಕಾದರೂ ಹರಿದು ಹಂಚಬಹುದು. ಕಾಗದ ಬಂದಾಗ ಒಂದು ಸಾಲು ಹುಡುಕಿ: ಇದು ವರ್ಷ ವರ್ಷ ನವೀಕರಿಸುವ ಸ್ಕಾಲರ್‌ಶಿಪ್ಪೋ, ನಾಲ್ಕು ವರ್ಷದ್ದೋ? ತಂಡ ಮುಚ್ಚಿದರೂ ಡಿಗ್ರಿ ಮುಗಿಯುವವರೆಗೆ ಹಣ ಕೊಡುತ್ತೀರಾ ಎಂದು ಇಮೇಲಿನಲ್ಲೇ ಕೇಳಿ. "ಎಲ್ಲರೂ ಕೊಡುತ್ತಾರೆ" ಎಂದು ಕೋಚ್ ಫೋನಿನಲ್ಲಿ ಹೇಳಬಹುದು. ಬಹುಮಟ್ಟಿಗೆ ನಿಜವೇ, ಆದರೆ ತಂಡ ಮುಚ್ಚಿದ ದಿನ ಆ ಕೋಚೂ ಕೆಲಸ ಕಳೆದುಕೊಂಡಿರುತ್ತಾರೆ.

ಆ ಯೂನಿವರ್ಸಿಟಿ ಎಷ್ಟು ಆಟ ನಡೆಸುತ್ತಿದೆ, ಟೆನಿಸ್‌ಗೆ ಎಷ್ಟು ಖರ್ಚು ಮಾಡುತ್ತಿದೆ ಎಂಬುದನ್ನು ಶಿಕ್ಷಣ ಇಲಾಖೆಯ 'ಇಕ್ವಿಟಿ ಇನ್ ಅಥ್ಲೆಟಿಕ್ಸ್' ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಹತ್ತು ನಿಮಿಷದ ಕೆಲಸ. ಟೆನಿಸ್‌ಗೆ ಸ್ವಂತ ಕೋರ್ಟು, ಕೋಚ್ ಹುದ್ದೆಗೆ ದಾನಿಯ ದತ್ತಿ ಇದ್ದರೆ ಅರ್ಧ ಚಿಂತೆ ಬಿಡಿ. ಊರಿನ ಕ್ಲಬ್ಬಿನ ಕೋರ್ಟನ್ನು ಬಾಡಿಗೆಗೆ ಹಿಡಿದು ಆಡುತ್ತಿದ್ದರೆ, ಆಟಗಳ ಸಂಖ್ಯೆಯೂ ಕನಿಷ್ಠ ಮಿತಿಗಿಂತ ತುಂಬ ಮೇಲಿದ್ದರೆ, ಹುಷಾರು.

ತಂಡ ಮುಚ್ಚಿದರೆ ಟ್ರಾನ್ಸ್‌ಫರ್ ಇದ್ದೇ ಇದೆ. ಪಾಸಾಗಿದ್ದರೆ ಬೇರೆ ಕಡೆ ಹೋಗಿ ಅದೇ ವರ್ಷ ಆಡಬಹುದು. ಆದರೆ ಇಂಥ ಘೋಷಣೆಗಳು ಹೆಚ್ಚಾಗಿ ಏಪ್ರಿಲ್‌ನಿಂದ ಜುಲೈ ನಡುವೆ ಬರುತ್ತವೆ. ಅಷ್ಟು ಹೊತ್ತಿಗೆ ಬೇರೆಯವರ ಹತ್ತು ಜಾಗ ಭರ್ತಿಯಾಗಿರುತ್ತವೆ, ಮುಗಿಸಿದ ಎಲ್ಲ ಕ್ರೆಡಿಟ್ಟನ್ನೂ ಹೊಸ ಕಾಲೇಜು ಒಪ್ಪುವುದಿಲ್ಲ. ಇಂಜಿನಿಯರಿಂಗ್ ಓದುವವರಿಗಂತೂ ಒಂದು ವರ್ಷ ಹೋಯಿತೆಂದೇ ಲೆಕ್ಕ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಒಂದು ಹಾಳೆಯಲ್ಲಿ ಎರಡೂ ಕಾಲೇಜಿನ ನಾಲ್ಕು ವರ್ಷದ ಖರ್ಚು ಬರೆದು, ಮೂರನೇ ವರ್ಷದಲ್ಲಿ ಎರಡು ಗೆರೆ ಹೊಡೆಯುತ್ತಿದ್ದೆ: ಒಂದು ಸ್ಕಾಲರ್‌ಶಿಪ್ ಮೇಲೆ, ಇನ್ನೊಂದು ನಿಮ್ಮ ಯಜಮಾನರ ಸಂಬಳದ ಮೇಲೆ. ಎರಡೂ ಹೋದ ಮೇಲೆ ಎಲ್ಲಿ ಡಿಗ್ರಿ ಮುಗಿಸಲು ಸಾಧ್ಯವೋ ಆ ಕಾಲೇಜು. ಮಾರ್ಕ್ಸ್ ಮೇಲೆ ಕೊಡುವ ರಿಯಾಯಿತಿ ಟೆನಿಸ್ ತಂಡದ ಜೊತೆ ಮುಳುಗುವುದಿಲ್ಲ, ಇದು ಡಿವಿಷನ್ 3ರ ಪರವಾಗಿ ಇರುವ ದೊಡ್ಡ ಮಾತು. ಹಾಗೆಂದು ಸರ್ಕಾರಿ ಯೂನಿವರ್ಸಿಟಿಯನ್ನು ಈಗಲೇ ಬಿಟ್ಟುಬಿಡಿ ಎನ್ನಲಾರೆ. ಅಲ್ಲೂ ಮಾರ್ಕ್ಸ್ ಮೇಲಿನ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ, ಕ್ರೀಡಾ ಹಣದ ಪಾಲು ಕಡಿಮೆಯಾದಷ್ಟೂ ಅಪಾಯ ಕಡಿಮೆ. ಕೋಚ್‌ಗೂ ಅದು ಇಷ್ಟವೇ, ಅವರ ಬಜೆಟ್ ಉಳಿಯುತ್ತದೆ.

ಮೈಸೂರಿನ ಹುಡುಗನ ವಿಷಯದಲ್ಲಿ ನಾನು ಇನ್ನೂ ಬಿಗಿ. ಗಂಡುಮಕ್ಕಳ ಈಜು ಈ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು. ತಂಡ ಮುಚ್ಚಿದ ಮಾತ್ರಕ್ಕೆ ಎಫ್-1 ವೀಸಾ ಹೋಗುವುದಿಲ್ಲ. ವೀಸಾ ನಿಂತಿರುವುದು ಪೂರ್ಣಾವಧಿ ಓದಿನ ಮೇಲೆ, ಈಜಿನ ಮೇಲೆ ಅಲ್ಲ. ಆದರೆ ಓದು ಮುಂದುವರಿಸಲು ಡಾಲರಿನಲ್ಲಿ ಫೀ ಕಟ್ಟಬೇಕು, ಕ್ಯಾಂಪಸ್ ಹೊರಗೆ ದುಡಿಯಲು ಸುಲಭಕ್ಕೆ ಅನುಮತಿ ಇಲ್ಲ. ಸ್ಕಾಲರ್‌ಶಿಪ್ ನಿಂತರೆ ಎರಡು ವರ್ಷದ ಪೂರ್ತಿ ಖರ್ಚು ಮೈಸೂರಿನಿಂದ ಹೊಂದೀತೇ ಎಂದು ನಿಮ್ಮ ತಮ್ಮನನ್ನು ಕೇಳಿ. ಹೊಂದುವುದಿಲ್ಲ ಎಂದಾದರೆ ನಾಲ್ಕು ವರ್ಷದ ಲಿಖಿತ ಮಾತಿಲ್ಲದೆ ಅವನನ್ನು ವಿಮಾನ ಹತ್ತಿಸಬೇಡಿ.